ಮೊದಲ ಹಂಡೆ ನಮ್ಮದು

ಬೀಗರೂಟಕ್ಕೆ ಮುದ್ದೆ ಮಾಡಿಕೊಡಿ ಎಂದು ಫೋನು ಮಾಡುವವರು ಮೊದಲು ಹೇಳುವುದು ಜನ ಎಷ್ಟು ಎಂದು. ನಮ್ಮತ್ತೆ ಅದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಅವರು ಕೇಳುವುದೇ ಬೇರೆ. ಒಂದು ಪಂಕ್ತಿಗೆ ಎಷ್ಟು ಎಲೆ ಹಾಕುತ್ತೀರಿ? ಒಲೆಯಿಂದ ಎಲೆಗೆ ಎಷ್ಟು ದೂರ? ರಾಗಿ ಈ ಸುಗ್ಗಿಯದೋ, ಹೋದ ಸುಗ್ಗಿಯದೋ? ಮೂರಕ್ಕೂ ಉತ್ತರ ಸಿಕ್ಕ ಮೇಲೆ "ಆಯ್ತು, ಬತ್ತೀವಿ" ಎನ್ನುತ್ತಾರೆ. ಇಲ್ಲವೇ "ಆವತ್ತು ಆಗಕ್ಕಿಲ್ಲ ಕಣಪ್ಪ, ಬೇರೇರ್ನ ನೋಡ್ಕೊಳ್ಳಿ" ಎಂದು ಫೋನು ಇಡುತ್ತಾರೆ. ಹಾಗೆ ಹೇಳುವಾಗ ಅವರ ದನಿಯಲ್ಲಿ ಎಳ್ಳಷ್ಟೂ ಬೇಸರ ಇರುವುದಿಲ್ಲ. ಪಕ್ಕದಲ್ಲಿ ಕೂತ ನನಗೆ ಮಾತ್ರ ಮೊದಮೊದಲು ಮೈ ಉರಿಯುತ್ತಿತ್ತು.

ನಮ್ಮ ಹುಣಸೂರು ಸೀಮೆಯಲ್ಲಿ ಬಾಡೂಟದ ಸಾರು ಗಂಡಸರ ಕೈಯದು. ಮುದ್ದೆ ಹೆಂಗಸರದು. ಅದಕ್ಕೆ ಬೇರೆಯೇ ಗುಂಪನ್ನು ಕರೆಸುತ್ತಾರೆ. ಸಾರನ್ನು ಬೆಳಿಗ್ಗೆಯೇ ಕುದಿಸಿ ಮುಚ್ಚಿಡಬಹುದು, ಪಲ್ಯ ಆರಿದರೂ ಯಾರೂ ಕೇಳುವುದಿಲ್ಲ. ಮುದ್ದೆಗೆ ಆ ಸವಲತ್ತು ಇಲ್ಲ. ಪಂಕ್ತಿ ಕೂರುವ ಹೊತ್ತಿಗೆ ಹಂಡೆಯಿಂದ ಇಳಿದು, ಹಬೆಯಾಡುತ್ತಿರುವಾಗಲೇ ಎಲೆಗೆ ಬೀಳಬೇಕು. ತಡವಾದರೆ ಬೀಗರ ಮುಖ ಕೆಡುತ್ತದೆ, ಬೇಗನೆ ಮಾಡಿಟ್ಟರೆ ಮುದ್ದೆಯೇ ಕೆಡುತ್ತದೆ. ಅತ್ತೆ ಇದನ್ನೇ ಕಸುಬು ಮಾಡಿಕೊಂಡು, ನಮ್ಮೂರು ಕಟ್ಟೆಮಳಲವಾಡಿಯ ಆರು ಹೆಂಗಸರನ್ನು ಜೊತೆಗೆ ಸೇರಿಸಿಕೊಂಡಿದ್ದರು. ನಾನು ಸೊಸೆಯಾಗಿ ಬಂದ ದಿನ ಪಡಸಾಲೆಯ ಗೋಡೆಗೆ ಒರಗಿದ್ದ ಎದೆಯೆತ್ತರದ ಹಿಟ್ಟಿನ ಕೋಲನ್ನು ನೋಡಿ, ಇದು ಯಾರಿಗೆ ಬಾರಿಸಲು ಇಟ್ಟಿದ್ದಾರಪ್ಪ ಎಂದು ಹೆದರಿದ್ದೆ.

ನನ್ನ ತವರು ಚುಂಚನಕಟ್ಟೆಯ ಹತ್ತಿರ. ನಾಲೆ ನೀರಿನ ಗದ್ದೆಯವರು ನಾವು, ಮೂರು ಹೊತ್ತೂ ಅನ್ನ. ಮುದ್ದೆ ತಿನ್ನಲು ಬರುತ್ತಿತ್ತು, ಹಿಟ್ಟನ್ನು ಕೋಲಿನಿಂದ ತಿರುವಿ ತೊಳಸಲು ಬರುತ್ತಿರಲಿಲ್ಲ. ಮದುವೆಯಾದ ಮೊದಲ ವಾರ ನಾಲ್ಕೇ ಜನಕ್ಕೆ ಮಾಡಿದ ಮುದ್ದೆಯಲ್ಲಿ ಗೋಲಿಗಾತ್ರದ ಗಂಟುಗಳು. ನನ್ನ ಗಂಡ ಅವನ್ನು ಒಂದೊಂದಾಗಿ ಹೆಕ್ಕಿ ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಟ್ಟರು. ಅತ್ತೆ ಮಗನ ತಲೆಗೆ ಮೊಟಕಿ, "ಗದ್ದೆ ಕಡೆ ಮಗ ಕಣ್ಲಾ ಅದು. ನೀರು ಗೊತ್ತು, ಇಟ್ಟು ಗೊತ್ತಿಲ್ಲ. ಕಲೀತದೆ ಬುಡು" ಎಂದರು. ಆ ಗಂಟು ಮುದ್ದೆಯನ್ನು ಪೂರ್ತಿ ಉಂಡವರು ಅವರೊಬ್ಬರೇ.

ನಾನು ಬಿ.ಕಾಂ. ಮುಗಿಸಿದ್ದೆ. ಹಾಗಾಗಿ ಫೋನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಅತ್ತೆಯ ಹೆಸರು ಆಗಲೇ ಪಿರಿಯಾಪಟ್ಟಣ, ಎಚ್.ಡಿ. ಕೋಟೆ ದಾಟಿತ್ತು. ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ಆದರೆ ಅತ್ತೆ ಒಂದು ದಿನಕ್ಕೆ ಒಂದೇ ಊಟ ಒಪ್ಪುತ್ತಿದ್ದರು, ವಾರಕ್ಕೆ ಮೂರರ ಮೇಲೆ ಜಪ್ಪಯ್ಯ ಎಂದರೂ ಇಲ್ಲ. ಸೋಮವಾರ ನಮ್ಮ ಕಡೆ ಯಾರೂ ಬಾಡು ಮುಟ್ಟುವುದಿಲ್ಲ. ಅವತ್ತು ಆರು ಹೆಂಗಸರೂ ನಮ್ಮ ಜಗಲಿಗೆ ಬಂದು ಒಬ್ಬರ ಭುಜಕ್ಕೆ ಒಬ್ಬರು ಎಣ್ಣೆ ತಿಕ್ಕಿಕೊಳ್ಳಬೇಕು. ಕೋಲಿಗೂ ಎಣ್ಣೆ ಸವರಿ ನೆರಳಲ್ಲಿ ಮಲಗಿಸಬೇಕು. ಹೊಗೆಸೊಪ್ಪು ಕೊಯ್ದು ಬ್ಯಾರನ್ನಿನ ಬಿಸಿಗೆ ಹದ ಮಾಡುವ ಕಾಲದಲ್ಲಿ ಅವರವರ ಹೊಲದ ಕೆಲಸಕ್ಕೆ ಹೋಗಲು ಬಿಟ್ಟು, ಬಂದ ಊಟಗಳನ್ನೆಲ್ಲ ಬೇಡ ಎನ್ನುತ್ತಿದ್ದರು. "ಅವ್ರ ಮನೆ ಒಲ ಆಳಾದ್ರೆ ನಮ್ ಅಂಡೆ ಮುಂದೆ ನಿಂತ್ಕೊಳೋರು ಯಾರು?" ಎಂಬುದು ಅವರ ಪ್ರಶ್ನೆ. ನಾನು ಮಾತ್ರ ಕೈಬಿಟ್ಟ ಊಟಗಳ ಲೆಕ್ಕ ಹಾಕಿ ಸಿಟ್ಟಾಗುತ್ತಿದ್ದೆ.

ಕೆಲಸಕ್ಕೆ ನಿಂತಾಗಲೂ ಅವರದೊಂದು ಕ್ರಮ. ಒಬ್ಬಳು ಮೂರು ಹಂಡೆ ತೊಳಸಿದರೆ ಕೋಲು ಕೆಳಗಿಡಬೇಕು. ಆಮೇಲೆ ಹಲಗೆಯ ಮುಂದೆ ಕೂತು ಕೈ ಒದ್ದೆ ಮಾಡಿಕೊಂಡು ಮುದ್ದೆ ಕಟ್ಟಬೇಕು. ಅದಾದ ಮೇಲೆ ಸ್ವಲ್ಪ ಹೊತ್ತು ಹಂಡೆಯ ಕಿವಿ ಹಿಡಿದುಕೊಳ್ಳುವ ಕೆಲಸ. ಅನಂತರವೇ ಮತ್ತೆ ಕೋಲು. ಇನ್ನೂ ಶಕ್ತಿ ಇದೆ ಎಂದು ಯಾರಾದರೂ ಹಟ ಮಾಡಿದರೆ, "ಶಕ್ತಿ ಇರೋವಾಗ್ಲೇ ಕೂತ್ಕೊ. ಓದ್ಮೇಲೆ ಕೂತು ಏನ್ ಮಾಡೀಯೆ?" ಎಂದು ಕೋಲು ಕಿತ್ತುಕೊಳ್ಳುತ್ತಿದ್ದರು. ನಾನು ಕಂಡ ಎಷ್ಟೋ ಗುಂಪುಗಳಲ್ಲಿ ನಡುವಯಸ್ಸಿಗೇ ಹೆಂಗಸರ ತೋಳು ಬಿದ್ದುಹೋಗಿವೆ. ನಮ್ಮ ಆರು ಜನರಲ್ಲಿ ಒಬ್ಬರೂ ಕೆಲಸ ಬಿಟ್ಟಿರಲಿಲ್ಲ.

ಎಲ್ಲಕ್ಕಿಂತ ಜಗಳ ತರುತ್ತಿದ್ದದ್ದು ಮೊದಲ ಹಂಡೆ. ಅತ್ತೆಯ ಗುಂಪಿನಲ್ಲಿ ಮೊದಲ ಹಂಡೆಯ ಮುದ್ದೆ ಬೀಗರಿಗೆ ಹೋಗುವುದಿಲ್ಲ. ತೊಳಸಿದವರೇ ಒಲೆಯ ಪಕ್ಕ ಎಲೆ ಹಾಕಿಕೊಂಡು ಕೂತು ಉಣ್ಣುತ್ತಾರೆ. ಆಮೇಲೆ ಎರಡನೇ ಹಂಡೆ, ಅದು ಪಂಕ್ತಿಗೆ. ಬೀಗರಿಗಿಂತ ಮುಂಚೆ ಅಡಿಗೆಯವರು ಉಣ್ಣುವುದು ಎಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ಹ್ಯಾಂಡ್‌ಪೋಸ್ಟ್ ಎಂಬ ಊರಿನ ಒಬ್ಬ ಯಜಮಾನರು ಹೆಗಲ ಮೇಲಿನ ಟವೆಲ್ ಕೊಡವಿ, "ಬೀಗ್ರು ಕಾಯ್ತಾವ್ರೆ, ನೀವ್ ಇಲ್ ಕೂತ್ಕೊಂಡು ಉಣ್ತೀರಲ್ಲಮ್ಮ, ಮಾನ ಮರ್ವಾದೆ ಬ್ಯಾಡ್ವಾ?" ಎಂದು ಕೂಗಾಡಿದ್ದರು. ಅತ್ತೆ ತುತ್ತು ನುಂಗಿಯೇ ಉತ್ತರ ಕೊಟ್ಟರು. "ನಿಮ್ ಮಾನ ಉಳೀಲಿ ಅಂತ್ಲೇ ಉಣ್ತಾ ಇರೋದು ಕಣ್ರೀ." ರಾಗಿ ಮನೆಮನೆಗೆ ಬೇರೆ. ಹೊಸದು ನೀರು ಕುಡಿಯುವುದಿಲ್ಲ, ಹಳೆಯದು ಎಷ್ಟು ಹೊಯ್ದರೂ ಇನ್ನೂ ಬೇಕು ಎನ್ನುತ್ತದೆ. ಯಾವ ಹಿಟ್ಟು ಹೇಗೆ ಎಂಬುದು ಗಂಟಲಿಗೆ ಇಳಿಯುವವರೆಗೂ ಗೊತ್ತಾಗುವುದಿಲ್ಲ ಎಂಬುದು ಒಂದು ಕಾರಣ. ಇನ್ನೊಂದು ಕಾರಣವನ್ನು ಅವರು ಯಾರಿಗೂ ಬಿಡಿಸಿ ಹೇಳುತ್ತಿರಲಿಲ್ಲ. ಅದನ್ನು ತಿಳಿಯಲು ನನಗೆ ಮರ್ಯಾದೆಯೇ ಹೋಗಬೇಕಾಯಿತು.

ನನಗೆ ಬೆಳೆಯುವ ಆತುರ. ವ್ಯಾಪಾರ ಹತ್ತು ಪಟ್ಟು ಮಾಡುವುದು ಹೇಗೆ ಎಂದು ಕೋಟು ಹಾಕಿಕೊಂಡವರು ಹೇಳುವ ವಿಡಿಯೋಗಳನ್ನು ಪಾತ್ರೆ ತೊಳೆಯುತ್ತಲೇ ನೋಡುತ್ತಿದ್ದೆ. ಮುದ್ದೆ ಮಾಡುವ ಮಿಷಿನ್ ಬಂದಿದೆ ಎಂದು ಗೊತ್ತಾದಾಗ ಅತ್ತೆಯನ್ನು ಮೈಸೂರಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಅವರು ಅದನ್ನು ಒಂದು ಸುತ್ತು ಬಂದು, ಮುಟ್ಟಿ, ಮುದ್ದೆ ಮುರಿದು ಬಾಯಿಗಿಟ್ಟು, "ಚೆನ್ನಾಗೈತೆ" ಎಂದು ಮನಸಾರೆ ಹೊಗಳಿದರು. ನನಗೆ ಖುಷಿಯಾಯಿತು. ಬಸ್ಸಿನಲ್ಲಿ ಬರುತ್ತಾ, "ಅದ್ನ ತೊಳ್ಯಕ್ಕೆ ನಾಕ್ ಆಳ್ ಬೇಕು. ಅವ್ರ್ ಕೈಗೆ ಕೋಲೇ ಕೊಟ್ಬುಡಾದು ವಾಸಿ" ಎಂದು ಮಾತು ಮುಗಿಸಿದರು.

ಆ ಕೋಲಿನದೇ ನನ್ನ ಕೊರಗು. ಅಟ್ಟದ ಮೇಲೆ ಇನ್ನೊಂದು ಹಿಟ್ಟಿನ ಕೋಲು ಇತ್ತು. ಎರಡನೇ ಗುಂಪು ಕಟ್ಟುವ ದಿನಕ್ಕೆಂದು ಅತ್ತೆಯೇ ಮಾಡಿಸಿ ಇಟ್ಟದ್ದು. ನಾನು ಬರುವುದಕ್ಕೂ ಮೊದಲಿನಿಂದ ಅದು ಬಟ್ಟೆ ಸುತ್ತಿಕೊಂಡು ಮಲಗಿತ್ತು. ಅತ್ತೆಯ ಬಲ ಭುಜ ಆಗಲೇ ಮಾತು ಕೇಳುತ್ತಿರಲಿಲ್ಲ, ಮೂರು ಹಂಡೆ ಎರಡಕ್ಕೆ ಇಳಿದಿತ್ತು. ಅವರು ನಿಂತರೆ ಕಸುಬೂ ನಿಲ್ಲುತ್ತದೆ. ಆ ಎರಡನೇ ಕೋಲು ನನ್ನ ಕೈಗೆ ಬರಬೇಕು ಎಂಬುದು ನನ್ನ ಆಸೆ. ಕೇಳಿದಾಗಲೆಲ್ಲ "ಕೈ ಬರ್ಲಿ ಕಣ್ಮಗ" ಎನ್ನುತ್ತಿದ್ದರು. ನನ್ನ ಕೈ ಬಂದಾಗಿದೆ ಎಂದು ನನಗೆ ಅನಿಸಿತ್ತು. ಗಂಟಿಲ್ಲದೆ ಹಿಟ್ಟು ತೊಳಸುತ್ತಿದ್ದೆ, ಆರು ಜನರಿಗೂ ಸರಿಯಾಗಿ ಜೊತೆ ಕೊಡುತ್ತಿದ್ದೆ. ಇನ್ನೇನು ಬೇಕು?

ಒಂದು ಮಾಘ ಮಾಸದ ಲಗ್ನಗಳ ಭರಾಟೆಯಲ್ಲಿ ಹುಣಸೂರಿನಲ್ಲೇ ಎರಡು ಛತ್ರಗಳಿಂದ ಒಂದೇ ದಿನಕ್ಕೆ ಕರೆ ಬಂತು. ಎರಡಕ್ಕೂ ನಡುವೆ ಹತ್ತು ನಿಮಿಷದ ದಾರಿ. ಒಂದಕ್ಕೆ ಅತ್ತೆ ಆಗಲೇ ಒಪ್ಪಿದ್ದರು. ಇನ್ನೊಂದಕ್ಕೆ ನಾನೇ ಒಪ್ಪಿಕೊಂಡುಬಿಟ್ಟೆ. ಜನ ಎಷ್ಟು ಎಂದು ಕೇಳಿದೆ, ಎಲೆ ಎಷ್ಟು ಎಂದೂ ಕೇಳಿದೆ, ರಾಗಿಯ ವಿಷಯ ಬಾಯಿಗೇ ಬರಲಿಲ್ಲ. ಅತ್ತೆಗೆ ಹೇಳಿದ್ದು ಹಿಂದಿನ ದಿನ ಸಂಜೆ. ಮಾತು ಕೊಟ್ಟ ಮೇಲೆ ತಪ್ಪಬಾರದು ಎಂದು ಮೂರು ಜನರನ್ನು ನನ್ನ ಜೊತೆ ಕಳಿಸಿದರು. ಅಟ್ಟದ ಕೋಲನ್ನು ಇಳಿಸಲಿಲ್ಲ. ಗೋಡೆಗೆ ಒರಗಿದ್ದ ತಮ್ಮ ಕೋಲನ್ನೇ ನನಗೆ ಕೊಟ್ಟು, ತಾವು ಮನೆಯ ಹಳೆಯ ತುಂಡು ಕೋಲು ಹಿಡಿದುಕೊಂಡು ಹೋದರು.

ಛತ್ರದಲ್ಲಿ ಯಜಮಾನರು ಮೊದಲೇ ಗಡಿಬಿಡಿಯಲ್ಲಿದ್ದರು. ಬೀಗರ ಬಸ್ಸು ಬೇಗ ಬಂದಿತ್ತು. "ಬೇಗ ಬೇಗ ಮಾಡ್ರಮ್ಮ, ಮೊದ್ಲು ಬೀಗ್ರಿಗೆ ಹಾಕಿ, ಆಮೇಲೆ ನೀವು ಎಷ್ಟ್ ಬೇಕಾದ್ರೂ ಉಣ್ಣಿ" ಎಂದರು. ಎದುರು ಮನೆಯ ಅಕ್ಕ, ಅತ್ತೆಯ ಜೊತೆ ಮೊದಲ ದಿನದಿಂದ ಇದ್ದವರು, ನನ್ನ ಕಡೆ ನೋಡಿದರು. ನಾನು ತಲೆಯಾಡಿಸಿ, "ಇವತ್ತೊಂದಿನ ಆಮೇಲೆ ಉಂಡ್ರಾಯ್ತು ಬುಡಕ್ಕ" ಎಂದೆ. ನಾವು ನಾಲ್ವರೂ ಬೆಳಗಿನ ಜಾವ ಕುಡಿದ ಟೀಯಲ್ಲೇ ಇದ್ದೆವು.

ಎಸರು ಕುದಿಯಿತು, ಹಿಟ್ಟು ಸುರಿದೆ. ನೀರೂ ಹಿಟ್ಟೂ ಎಂದಿನ ಅಳತೆಯಲ್ಲೇ. ತೊಳಸಿದಷ್ಟೂ ಅದು ಸಡಿಲವಾಗುತ್ತಾ ಹೋಯಿತು. ಆ ಮನೆಯವರು ಆಗಷ್ಟೇ ಒಕ್ಕಣೆ ಮಾಡಿದ್ದ ರಾಗಿಯನ್ನು ಬೀಸಿಸಿ ತಂದಿದ್ದರು. ಗಾಬರಿಯಲ್ಲಿ ಮೇಲಿಂದ ಇನ್ನಷ್ಟು ಹಿಟ್ಟು ಸುರಿದೆ. ಅದು ಬೇಯಲಿಲ್ಲ, ಗಂಟು ಗಂಟಾಯಿತು. ಹೊಟ್ಟೆಯಲ್ಲಿ ಏನೂ ಇಲ್ಲದೆ ತೋಳು ನಡುಗತೊಡಗಿತು, ಕೋಲು ಅರ್ಧಕ್ಕೇ ನಿಂತಿತು. ಹಾಗೂ ಹೀಗೂ ಕಟ್ಟಿದ ಮುದ್ದೆ ಎಲೆಯ ಮೇಲೆ ಬಿದ್ದ ಕೂಡಲೇ ಸಗಣಿಯ ತೊಪ್ಪೆಯಂತೆ ಹರಡಿಕೊಂಡಿತು. ಪಂಕ್ತಿಯ ನಡುವಿನಿಂದ ಒಬ್ಬರು, "ಏನಮ್ಮೋ, ಮುದ್ದೆ ತಂದ್ರಾ, ಅಂಬ್ಲಿ ತಂದ್ರಾ? ಒಂದ್ ಲೋಟ ಕೊಡ್ರಮ್ಮ ಅಂಗಾರೆ!" ಎಂದು ಕೂಗಿದರು. ಇಡೀ ಸಾಲು ನಕ್ಕಿತು. ಮುದ್ದೆಗಳನ್ನು ಎಲೆಗಳಿಂದ ವಾಪಸು ಎತ್ತಿಕೊಂಡು ಬಂದೆ. ಅಷ್ಟು ಅವಮಾನ ನನ್ನ ಜನ್ಮದಲ್ಲಿ ಆಗಿರಲಿಲ್ಲ. ಎದುರು ಮನೆ ಅಕ್ಕ ಆಗಲೇ ಅತ್ತೆಗೆ ಫೋನು ಮಾಡಿ ಆಗಿತ್ತು.

ಅತ್ತೆಯ ಕಡೆ ಎರಡನೇ ಪಂಕ್ತಿ ಎದ್ದಿತ್ತಂತೆ. ಉಳಿದದ್ದನ್ನು ಜೊತೆಗಿದ್ದವರಿಗೆ ಒಪ್ಪಿಸಿ ಆಟೋ ಹತ್ತಿ ಬಂದರು. ಬಂದವರು ನನ್ನನ್ನು ಬೈಯುತ್ತಾರೆ, ಕೋಲು ಕಿತ್ತುಕೊಂಡು ತಾವೇ ತೊಳಸುತ್ತಾರೆ ಎಂದುಕೊಂಡಿದ್ದೆ. ಅವರು ಹಂಡೆಗೆ ಬೆರಳು ಅದ್ದಿ ನೆಕ್ಕಿದರು. ನಮ್ಮ ನಾಲ್ವರ ಮುಖವನ್ನು ಒಂದೊಂದಾಗಿ ನೋಡಿದರು. ಆಮೇಲೆ ಕೇಳಿದ್ದು ಒಂದೇ ಮಾತು.

"ಉಂಡಿದ್ದೀರಾ?"

ಎದುರು ಮನೆ ಅಕ್ಕ ಇಲ್ಲವೆಂದು ತಲೆಯಾಡಿಸಿದರು.

"ಎಲೆ ಆಕಿ. ಕೂತ್ಕೊಳ್ಳಿ" ಎಂದರು ಅತ್ತೆ.

ಯಜಮಾನರಿಗೆ ಹುಚ್ಚೇ ಹಿಡಿಯಿತು. ಊಟದ ಹಾಲ್‌ನಲ್ಲಿ ಪಂಕ್ತಿ ಖಾಲಿ ಎಲೆಯ ಮುಂದೆ ಕೂತಿದೆ, ಇಲ್ಲಿ ಮುದ್ದೆ ಕೆಡಿಸಿದವರೇ ಊಟಕ್ಕೆ ಕೂರುತ್ತಿದ್ದಾರೆ! ಅತ್ತೆ ಅವರ ಕಡೆ ಕೈ ಮುಗಿದರು. "ತಪ್ಪು ನಮ್ದೇ, ಬೀಗ್ರ ಮುಂದೆ ನಾನೇ ಯೋಳ್ತೀನಿ. ಅಲ್ಲೀಗಂಟ ಪಲ್ಯ ಮಜ್ಜಿಗೆ ಬಡ್ಸಿ. ಈ ಎಂಗಸ್ರ ಕೈ ನೋಡಿ, ಎಂಗ್ ನಡುಗ್ತಾವೆ. ಈ ಕೈನಾಗೆ ಇನ್ನೊಂದ್ ಅಂಡೆ ಎತ್ತಿದ್ರೆ ಅದೂ ಇಂಗೇ ಆಯ್ತದೆ." ಹೇಳಿದಂತೆಯೇ ಹಾಲಿಗೆ ಹೋಗಿ, ಸಾಲಿನ ಮುಂದೆ ನಿಂತು ತಡವಾಗುತ್ತದೆ ಎಂದು ಒಪ್ಪಿಕೊಂಡು ಬಂದು, ನಮ್ಮ ಪಕ್ಕ ಕೂತರು. ನಾನು ಕೆಡಿಸಿದ ಆ ಹಸಿ ಹಿಟ್ಟಿನಲ್ಲಿ ಬೆಂದ ಭಾಗವನ್ನು ನಮಗೆ ಹಾಕಿ, ಗಂಟಿರುವುದನ್ನು ತಮ್ಮ ಎಲೆಗೆ ಹಾಕಿಕೊಂಡರು. ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು. "ಅಳ್ಬ್ಯಾಡ, ತಿನ್ನು. ತಿಂದ್ರೆ ಗೊತ್ತಾಯ್ತದೆ" ಎಂದರು.

ಗೊತ್ತಾಯಿತು. ಮೂರನೇ ತುತ್ತಿಗೆ ಆ ಹಿಟ್ಟು ನಾಲಿಗೆಗೆ ಅಂಟಿಕೊಳ್ಳುವ ಬಗೆ ತಿಳಿಯಿತು. ನೀರು ಎಷ್ಟು ಇಳಿಸಬೇಕು ಎಂದು ಯಾರೂ ಹೇಳಿಕೊಡದೆ ಹೊಳೆಯಿತು. ಐದನೇ ತುತ್ತಿಗೆ ಕೈ ನಡುಗುವುದು ನಿಂತಿತು. ಎದ್ದು ಕೈ ತೊಳೆದಾಗ ಅತ್ತೆ ಕೋಲನ್ನು ಎತ್ತಿ ನನ್ನ ಮುಂದೆ ಹಿಡಿದರು. "ನೀವೇ ತೊಳ್ಸಿ ಅತ್ತೆ" ಎಂದೆ. "ಕೆಡ್ಸಿದ್ ಕೈಯೇ ನೆಟ್ಟಗ್ ಮಾಡ್ಬೇಕು" ಎಂದು ಹಂಡೆಯ ಕಿವಿ ಹಿಡಿದು ನಿಂತರು. ಆ ಹಂಡೆಯ ಮುದ್ದೆ ಎಲೆಯ ಮೇಲೆ ನಿಂತಿತು. ಅಂಬಲಿ ಎಂದು ಕೂಗಿದವರೇ ಎರಡು ಹಾಕಿಸಿಕೊಂಡರು.

ಆದರೂ ಹೆಸರಿಗೆ ಮಸಿ ಹತ್ತಿದ್ದು ಹತ್ತಿದ್ದೇ. ಎಷ್ಟೋ ತಿಂಗಳು ಹುಣಸೂರಿನಲ್ಲಿ "ಓ, ಆ ಅಂಬ್ಲಿಯೋರಾ?" ಎನ್ನುತ್ತಿದ್ದರು. ನಾನು ತಲೆ ತಗ್ಗಿಸುತ್ತಿದ್ದೆ. ಅತ್ತೆ ಮಾತ್ರ "ಊಂ, ಅವ್ರೇಯ. ಒಂದ್ಸಲ ಕರ್ದು ನೋಡಿ" ಎಂದು ನಗುತ್ತಿದ್ದರು. ಬೆಂಕಿಯ ಮುಂದೆ ಎಂದೂ ತಾಳ್ಮೆ ಕಳೆದುಕೊಳ್ಳದ ಹೆಂಗಸು ಊರ ಬಾಯಿಗೆ ಹೆದರುತ್ತಾರೆಯೇ? ಎರಡನೇ ಕೋಲಿನ ಮಾತನ್ನು ನಾನು ಎತ್ತುವುದನ್ನೇ ಬಿಟ್ಟೆ. ಇನ್ನು ಅದು ಅಟ್ಟದಲ್ಲೇ ಗೆದ್ದಲು ಹಿಡಿಯಲಿ ಎಂದುಕೊಂಡಿದ್ದೆ.

ಆದರೆ ಆ ಅವಮಾನವಾದ ಮುಂದಿನ ಸೋಮವಾರವೇ ಅತ್ತೆ ನಾಲ್ಕು ಮನೆಗಳಿಂದ ನಾಲ್ಕು ಬಗೆಯ ರಾಗಿ ತಂದು ಬೇರೆಬೇರೆ ಬೀಸಿಸಿದರು. ಹೊಸದು, ಹಳೆಯದು, ಮಳೆಗೆ ನೆನೆದದ್ದು, ಹಳೆಯದರ ಜೊತೆ ಹೊಸದು ಬೆರೆಸಿದ್ದು. ಅಂದಿನಿಂದ ಒಂದು ವರ್ಷ ನಮ್ಮ ಮನೆಯಲ್ಲಿ ದಿನವೂ ನಾನೇ ಮುದ್ದೆ ಮಾಡಿದೆ. ಡಬ್ಬದಲ್ಲಿ ಯಾವ ಹಿಟ್ಟಿದೆ ಎಂದು ಅವರು ಹೇಳುತ್ತಿರಲಿಲ್ಲ, ತಿಂದು ನಾನೇ ಹೇಳಬೇಕು. ನನ್ನ ಗಂಡ, "ನಿಮ್ ಪರೀಕ್ಷೆಗೆ ನನ್ ಒಟ್ಟೆ ಯಾಕೆ ಅವ್ವ? ಒಂದಿನ ಅನ್ನ ಮಾಡ್ಸು" ಎಂದು ಗೋಗರೆಯುತ್ತಿದ್ದರು. "ಇಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ ಕಣ್ಲಾ, ತಿನ್ನು" ಎಂದು ಅತ್ತೆ ಬಾಯಿ ಮುಚ್ಚಿಸುತ್ತಿದ್ದರು. ಆ ವರ್ಷದಲ್ಲೇ ಎದುರು ಮನೆ ಅಕ್ಕನ ಸೊಸೆಯೂ ಸೇರಿದಂತೆ ಇನ್ನೂ ಮೂವರು ನನ್ನ ಪಕ್ಕ ನಿಂತು ಕಲಿತರು. ನನ್ನ ವಿಡಿಯೋಗಳ ಕೋಟಿನವರು ಹೇಳದ ಒಂದು ಸಂಗತಿ ನನಗೆ ಆಗ ಕಂಡಿತು. ಅತ್ತೆಗೂ ಬೆಳೆಯುವ ಆಸೆ ಇತ್ತು, ನನಗಿಂತ ಹೆಚ್ಚೇ ಇತ್ತು. ಇಲ್ಲದಿದ್ದರೆ ಎರಡನೇ ಕೋಲನ್ನು ಮಾಡಿಸುವವರೇ ಅಲ್ಲ. ಕೈ ತಯಾರಾಗುವ ತನಕ ಕಾಯುವುದು ಅವರಿಗೆ ಗೊತ್ತಿತ್ತು. ಕಾಯುವುದಕ್ಕೆ ಎಷ್ಟು ಗಟ್ಟಿ ಎದೆ ಬೇಕು ಎಂಬುದು, ಕಾಯಲಾರದೆ ಕೆಟ್ಟ ನನಗೆ ಮಾತ್ರ ಚೆನ್ನಾಗಿ ಗೊತ್ತು.

ಒಂದು ಸೋಮವಾರ ಎಣ್ಣೆ ಸವರಲು ಕೂತಾಗ ಜಗಲಿಯ ಮೇಲೆ ಎರಡು ಕೋಲುಗಳಿದ್ದವು. ಅಟ್ಟದಿಂದ ಇಳಿಸಿದ್ದನ್ನು ಅತ್ತೆ ನನ್ನ ತೊಡೆಯ ಮೇಲಿಟ್ಟು, ಎಣ್ಣೆಯ ಬಟ್ಟಲನ್ನು ನನ್ನ ಕಡೆ ಸರಿಸಿದರು.

ಈಗ ನಮ್ಮದು ಎರಡು ಗುಂಪು. ದಿನಕ್ಕೆ ಒಂದು ಗುಂಪಿಗೆ ಒಂದೇ ಊಟ. ಸೋಮವಾರ ಎಲ್ಲರಿಗೂ ಎಣ್ಣೆ. ಮೂರನೇ ಕೋಲು ಮಾಡಿಸಿ ಅಟ್ಟದ ಮೇಲೆ ನಾನೇ ಇಟ್ಟಿದ್ದೇನೆ. ಅದನ್ನು ಕೇಳುವ ಹುಡುಗಿಯರಿಗೆ "ಕೈ ಬರ್ಲಿ" ಎಂದು ಹೇಳಿ, ಅವರ ಮುಖ ಸಿಂಡರಿಸುವುದನ್ನು ನೋಡಿ ನಗುತ್ತೇನೆ.

ಮೊನ್ನೆ ಹ್ಯಾಂಡ್‌ಪೋಸ್ಟ್ ಹತ್ತಿರ ಅತ್ತೆಯ ತಮ್ಮನ ಮೊಮ್ಮಗಳ ಬೀಗರೂಟ. ಅತ್ತೆಯ ಭುಜ ಈಗ ಕೋಲು ಎತ್ತುವುದಿಲ್ಲ. ಅವರು ನೆಂಟರಾಗಿ ಬಂದಿದ್ದರು, ಮುದ್ದೆ ನನ್ನ ಗುಂಪಿನದು. ಜೀವಮಾನವೆಲ್ಲ ಒಲೆಯ ಪಕ್ಕವೇ ಉಂಡವರು, ರೇಷ್ಮೆ ಸೀರೆ ಉಟ್ಟು ಮೊದಲ ಪಂಕ್ತಿಯಲ್ಲಿ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು. ಮೊದಲ ಹಂಡೆ ಇಳಿಯಿತು. ಅತ್ತೆಯ ತಮ್ಮ ಓಡಿ ಬಂದು, "ಅಕ್ಕ ಕೂತವ್ಳೆ ಕಣವ್ವ, ಬೆಳಗ್ಗೆಯಿಂದ ಅಸ್ಕೊಂಡವ್ಳೆ. ನಿಮ್ಮತ್ತೇಗಾದ್ರೂ ಮೊದ್ಲು ಆಕ್ಬಾರ್ದಾ?" ಎಂದರು. ಒಂದು ಗಳಿಗೆ ನನ್ನ ಕಾಲು ಪಂಕ್ತಿಯ ಕಡೆ ತಿರುಗಿತು. ಅವರಿಗಲ್ಲದೆ ಇನ್ಯಾರಿಗೆ ಆ ಮೊದಲ ಮುದ್ದೆ? ಆದರೂ ಎಲೆ ಹಾಕಿಸಿ ನನ್ನ ಹುಡುಗಿಯರನ್ನು ಕೂರಿಸಿದೆ, ನಾನೂ ಕೂತೆ. ಹಿಟ್ಟು ಬಿರುಸಾಗಿತ್ತು, ಹಳೆಯ ರಾಗಿ. ಎರಡನೇ ಹಂಡೆಗೆ ಎರಡು ಚೊಂಬು ನೀರು ಹೆಚ್ಚಿಗೆ ಹೊಯ್ದೆವು.

ಬಿಸಿ ಮುದ್ದೆಯನ್ನು ನಾನೇ ಒಯ್ದು ಅತ್ತೆಯ ಎಲೆಗೆ ಇಟ್ಟೆ. ಪಕ್ಕದವರು ಆಗಲೇ ಮುರಿದು ಸಾರಿಗೆ ಅದ್ದುತ್ತಿದ್ದರು. ಅತ್ತೆ ಮುಟ್ಟಲಿಲ್ಲ. ತಲೆ ಎತ್ತಿ ನನ್ನ ಕಡೆ ನೋಡಿದರು.

"ನೀವೆಲ್ಲ ಉಂಡ್ರಾ?"

"ಉಂಡ್ವಿ ಅತ್ತೆ" ಎಂದೆ.

ಆಗ ಮುದ್ದೆಗೆ ಕೈ ಹಾಕಿದರು.